ಬೋರ್ಡಿನ ಮೇಲಿನ ಅಳಿಯ

ದಂತವೈದ್ಯೆ ಮೂರನೆಯ ಸಲ ಕಾರು ವಾಪಸ್ ತಂದು ಗ್ಯಾರೇಜಿನ ಬಾಗಿಲಿಗೆ ಅಡ್ಡಲಾಗಿ ನಿಲ್ಲಿಸಿದಾಗ, ಅವಳು ಬಾಯಿ ಬಿಡುವ ಮುಂಚೆಯೇ ಅಳಿಯನಿಗೆ ಗೊತ್ತಾಯಿತು: ಎಂಜಿನ್ನಿನ ಹಳದಿ ದೀಪ ಮತ್ತೆ ಹತ್ತಿದೆ.

"ಅರ್ಧ ದಿಬ್ಬ ಹತ್ತಿದ್ದೆ. ಜೋರಾಗಿ ಒತ್ತಿದೆ, ಗಾಡಿ ಮುಕ್ಕರಿಸ್ತು, ದೀಪ ಬಂತು," ಎಂದಳು. ಕ್ಲಿನಿಕ್ಕಿನ ಬಿಳಿ ಕೋಟು ಇನ್ನೂ ಮೈಮೇಲಿತ್ತು. "ಹಲ್ಲು ಕಿತ್ತ ಮೇಲೂ ನೋವು ಅಂತ ಒಬ್ಬರೇ ಮೂರು ಸಲ ಬಂದ್ರೆ ನನ್ನ ಹಲ್ಲು ಉದುರಿಸ್ತಾರೆ ಕಣ್ರೀ. ನಿಮಗೇನು ಮಾಡ್ಲಿ ಹೇಳಿ."

ಒಳಗಿನಿಂದ ಮಾವ ಬಂದ. ಅಳಿಯನ ಕಡೆ ನೋಡಲಿಲ್ಲ. ಗೋಡೆಗೆ ಒರಗಿದ್ದ, ಗಾಡಿ ಎತ್ತುವ ಜಾಕಿಗೆ ಹೇಳಿದ: "ಕೇಳಿಸ್ತೇನಪ್ಪಾ? ಮೂರನೇ ಸಲ. ನಾನು ಏನಂದಿದ್ದೆ?"

ಏನಂದಿದ್ದ ಎನ್ನುವುದು ಜಾಕಿಗಿಂತ ಅಳಿಯನಿಗೆ ಚೆನ್ನಾಗಿ ಗೊತ್ತಿತ್ತು. ಈ ಗಾಡಿ ಇನ್ನೊಮ್ಮೆ ವಾಪಸ್ ಬಂದರೆ ಬೋರ್ಡಿನಿಂದ ಹೆಸರು ಅಳಿಸುತ್ತೇನೆ ಅಂದಿದ್ದ. ಬೋರ್ಡಿನಲ್ಲಿ ಮಾವನ ಹೆಸರು ದಪ್ಪಕ್ಷರದಲ್ಲಿತ್ತು. ಅದರ ಕೆಳಗೆ, ಎರಡು ವರ್ಷದ ಹಿಂದೆ, ಅಪ್ಪನ ಜೊತೆ ಮೂರು ದಿನ ಜಗಳವಾಡಿ ಮಗಳು ತನ್ನ ಕೈಯಾರೆ ಬರೆದ ಎರಡು ಪದ: 'ಮತ್ತು ಅಳಿಯ'. ಹೆಸರೂ ಅಲ್ಲ, ಬರೀ ನಂಟು. ಅದಾದರೂ ಇರಲಿ ಎಂದು ಅಳಿಯ ಎರಡು ವರ್ಷ ಬಾಯಿ ಮುಚ್ಚಿಕೊಂಡು ದುಡಿದಿದ್ದ.

ಮಾವ-ಅಳಿಯರ ನಡುವೆ ಮಾತು ನಿಂತು ಹದಿನೈದು ದಿನವಾಗಿತ್ತು. ಅಳಿಯನ ನೀಲಿ ಶರ್ಟು, ಹೆಂಡತಿ ಕೊಡಿಸಿದ್ದು, ಎರಡೇ ಸಲ ಹಾಕಿದ್ದು, ಒಗೆದ ಬಟ್ಟೆಯ ರಾಶಿಯಿಂದ ಮಾಯವಾಗಿತ್ತು. ಹಳೆ ಬಟ್ಟೆಯನ್ನೆಲ್ಲ ಹರಿದು ಒರಸುಬಟ್ಟೆ ಮಾಡುವ ಚಾಳಿ ಮಾವನಿಗೆ. ಅಳಿಯ ನೇರವಾಗಿ ಕೇಳಿಯೇಬಿಟ್ಟ. "ನಿನ್ನ ಶರ್ಟು ಕಾಯೋಕೆ ನಾನೇನು ನಿನ್ನ ಆಳಾ?" ಎಂದಿದ್ದ ಮಾವ. ಅಲ್ಲಿಂದ ಮನೆಯಲ್ಲಿ ಮಾತು ಹೆಂಗಸರ ಮೂಲಕ, ಗ್ಯಾರೇಜಿನಲ್ಲಿ ಜಾಕಿಯ ಮೂಲಕ.

ಆ ಜಗಳದ ಮಾರನೆಯ ದಿನವೇ ದಂತವೈದ್ಯೆ ಬಂದದ್ದು. ದಿನವಿಡೀ ಹಲ್ಲು ಕೊರೆಯುವ ಮಿಷನ್ನಿನ ಕೀರಲು ಕೇಳಿ ಸಾಕಾಗಿದೆ, ಕಾರಾದರೂ ಗಂಡಸಿನ ಹಾಗೆ ಗುಡುಗಲಿ ಎಂದು ಎಂಜಿನ್ನಿಗೆ ಗಾಳಿ ಎಳೆಯುವ ಹೊರಗಿನ ಕಂಪನಿಯ ಕೊಳವೆ, ದೊಡ್ಡ ಫಿಲ್ಟರು ತಂದಿದ್ದಳು. ಅಳಿಯ ಅರ್ಧ ದಿನದಲ್ಲಿ ಕೂರಿಸಿದ. ಗುಡುಗಿತು. ಎರಡು ದಿನಕ್ಕೆ ದೀಪವೂ ಹತ್ತಿತು.

ಮೊದಲ ಸಲ ಸ್ಕ್ಯಾನರ್ ಹಾಕಿದಾಗ ಗಾಳಿಯ ಅಳತೆ ಕಮ್ಮಿ ಎಂದು ಬಂತು. ಸೆನ್ಸರ್ ಬಿಚ್ಚಿದ, ತಂತಿಗೆ ಒಂದು ಸಣ್ಣ ಎಳೆ ಅಂಟಿತ್ತು, ಫಿಲ್ಟರಿನದ್ದಿರಬೇಕೆಂದು ಊದಿ ಬಿಸಾಕಿದ. ಎರಡನೆಯ ಸಲ ಕ್ಲಿಪ್ಪುಗಳನ್ನೆಲ್ಲ ಬಿಗಿದು, ಸೋಪಿನ ನೀರು ಹಚ್ಚಿ ಎಲ್ಲಿ ಗಾಳಿ ಸೋರುತ್ತಿದೆ ಎಂದು ನೋಡಿದ. ಒಂದು ಗುಳ್ಳೆಯೂ ಏಳಲಿಲ್ಲ. ನಿಂತಲ್ಲಿ ಎಂಜಿನ್ ಹಸುಗೂಸಿನಂತೆ ಇರುತ್ತಿತ್ತು. ದಿಬ್ಬದಲ್ಲಿ ಮಾತ್ರ ಹಟ.

ಈಗ ಅಳಿಯ ಫಿಲ್ಟರ್ ಕಿತ್ತು ಕೊಳವೆಯೊಳಗೆ ಟಾರ್ಚ್ ಬಿಟ್ಟ. ಕೊಳವೆ ಮೊಣಕೈಯಂತೆ ಬಾಗಿತ್ತು. ಬಾಗಿನ ಆಚೆ ಬೆಳಕು ಹೋಗಲಿಲ್ಲ.

"ಸರೀರಿ ಆಚೆ," ಎಂದಳು ದಂತವೈದ್ಯೆ. ಕೋಟಿನ ಜೇಬಿನಿಂದ ಉದ್ದ ಹಿಡಿಕೆಯ ಪುಟ್ಟ ಕನ್ನಡಿ ತೆಗೆದು, ರೋಗಿಯ ದವಡೆ ನೋಡುವಂತೆ ಕೊಳವೆಗೆ ತೂರಿಸಿದಳು. "ಟಾರ್ಚ್ ಎಡಕ್ಕೆ. ಅಯ್ಯೋ ನಿಮ್ಮ! ಹತ್ತಿ ಒಳಗೇ ಬಿಟ್ಟು ಹೊಲಿಗೆ ಹಾಕಿದ್ದೀರಲ್ರೀ!"

ಬ್ಯಾಗಿನಿಂದ ಚಿಮಟ ತಂದು ಎಳೆದಳು. ಬಂದದ್ದು ನೀಲಿ ಬಟ್ಟೆ. ನಾಲ್ಕು ಬೆರಳಗಲ, ಒಂದು ತುದಿಯಲ್ಲಿ ಗಂಟು, ಅಂಚಿನಲ್ಲಿ ಬಿಳಿ ಗುಂಡಿ.

ಮೊದಲು ಚೇತರಿಸಿಕೊಂಡವನು ಮಾವ. ಹದಿನೈದು ದಿನದಲ್ಲಿ ಮೊದಲ ಸಲ ಅಳಿಯನ ಮುಖ ನೋಡಿದ. "ಯಾರ ಶರ್ಟಿದು, ಅಳಿಯಂದಿರೇ? ತಮ್ಮದೇ ಅಲ್ವಾ?"

"ಶರ್ಟು ನಂದು. ಗಂಟು ಯಾರದು, ಮಾವ?"

ತೆರೆದ ಕೊಳವೆ ಕಂಡರೆ ಬಟ್ಟೆ ತುರುಕದೆ ಮುಂದೆ ಹೋಗುವವನಲ್ಲ ಮಾವ. ಒಳಗೆ ನಟ್ಟು ಬೀಳಬಾರದು. ಗಂಟಿನ ತುದಿ ಹೊರಗೆ ನೇತಾಡಬೇಕು, ಎಳೆದರೆ ಬರಬೇಕು. ಇದೆಲ್ಲ ಅವನೇ ಕಲಿಸಿದ್ದು.

"ತುದಿ ಹೊರಗೇ ಬಿಟ್ಟಿದ್ದೆ," ಎಂದ ಮಾವ. "ಕಣ್ಣು ಬಿಟ್ಕೊಂಡು ಫಿಲ್ಟರ್ ಹಾಕಬೇಕಿತ್ತು."

"ಬಟ್ಟೆ ಇಟ್ಟಿದ್ದೀನಿ ಅಂತ ಒಂದು ಮಾತು ಹೇಳಿದ್ರೆ ನಾಲಿಗೆ ಸವೀತಿತ್ತಾ?"

"ಹೇಳಿದ್ದೆ. ಜಾಕಿಗೆ."

ಅಳಿಯನಿಗೆ ನೆನಪಾಯಿತು: ಅಂದು ಫಿಲ್ಟರ್ ಒತ್ತಿ ಕೂರಿಸುವಾಗ ಅವನ ಕಣ್ಣು ಕೊಳವೆಯ ಮೇಲಿರಲಿಲ್ಲ, ಮಾವನ ಬೆನ್ನಿನ ಮೇಲಿತ್ತು.

ದಂತವೈದ್ಯೆ ಫಿಲ್ಟರ್ ಹಾಕಿಸಿಕೊಂಡು ದಿಬ್ಬ ಹತ್ತಿ ಇಳಿದು ಬಂದಳು. ದೀಪ ಹತ್ತಿರಲಿಲ್ಲ. ಕಿಟಕಿ ಇಳಿಸಿ, "ನಿಮ್ಮ ಮನೆ ಹೆಂಗಸರನ್ನ ನೆನೆಸ್ಕೊಂಡ್ರೆ ಪಾಪ ಅನ್ಸುತ್ತೆ," ಎಂದು ಹೊರಟುಹೋದಳು.

ಕಾರಿನ ಗುಡುಗು ತಿರುವಿನಲ್ಲಿ ಅಡಗುವ ಮೊದಲೇ ಮಾವ ಬೋರ್ಡಿನ ಕೆಳಗೆ ಸ್ಟೂಲು ಎಳೆದು ಹತ್ತಿದ್ದ. ಒಂದು ಕೈಯಲ್ಲಿ ಬಣ್ಣ ಅಳಿಸುವ ಥಿನ್ನರ್ ಬಾಟಲಿ, ಇನ್ನೊಂದರಲ್ಲಿ ಅದೇ ನೀಲಿ ಬಟ್ಟೆ. "ಮೂರು ಸಲ ಅಂದ್ರೆ ಮೂರು ಸಲ."

ಅಳಿಯ ತಡೆಯಲಿಲ್ಲ. ಒಳಗೆ ಹೋಗಿ ಒರಸುಬಟ್ಟೆಯ ಡಬ್ಬ ತಂದು ಸ್ಟೂಲಿನ ಬುಡದಲ್ಲಿ ಕವುಚಿದ.

"ನನ್ನ ಶರ್ಟನ್ನ ಎಷ್ಟು ತುಂಡು ಮಾಡಿದ್ರಿ?"

ಬೋರ್ಡಿನತ್ತ ಹೊರಟಿದ್ದ ಮಾವನ ಕೈ ಅರ್ಧಕ್ಕೇ ನಿಂತಿತು. ಯಾವ ಗಾಡಿಯೊಳಗೂ ಒರಸುಬಟ್ಟೆ ಉಳಿಯದಿರಲೆಂದು ಪ್ರತಿ ಸಂಜೆ ಬಾಗಿಲು ಹಾಕುವ ಮುಂಚೆ ಅಳಿಯ ಬಟ್ಟೆ ಎಣಿಸಿ ಕೂಗುವುದು, ಮಾವ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೀಟು ಹಾಕುವುದು ವಾಡಿಕೆ. ಹದಿನೈದು ದಿನದಿಂದ ಗೋಡೆ ಖಾಲಿಯಿತ್ತು.

"ಹನ್ನೆರಡು," ಎಂದ ಮಾವ.

ಅಳಿಯ ನೀಲಿಯವನ್ನು ಮಾತ್ರ ಹೆಕ್ಕಿ, ಬೀದಿಗೆ ಕೇಳುವಂತೆ ಎಣಿಸಿದ. ನೆಲದ ಮೇಲೆ ಹತ್ತು. "ನಿಮ್ಮ ಕೈಯಲ್ಲಿರೋದು ಸೇರಿ ಹನ್ನೊಂದು. ಇನ್ನೊಂದು?"

ಥಿನ್ನರ್ ಬಟ್ಟೆಯಿಂದ ಮಾವನ ಮೊಣಕೈಗೆ ಇಳಿಯುತ್ತಿತ್ತು.

"ಈ ಹದಿನೈದು ದಿನದಲ್ಲಿ ಒಂಬತ್ತು ಗಾಡಿ ಹೋಗಿವೆ," ಎಂದ ಅಳಿಯ. "ಯಾವುದರ ಹೊಟ್ಟೇಲಿದೆಯೋ. ಒಂದೊಂದಾಗಿ ಕರೆಸಿ ಬಾಯಿ ತೆಗೆಸಬೇಕು. ಬಂದವರು ಮೊದಲು ಬೋರ್ಡ್ ಓದ್ತಾರೆ. ಯಾರ ಹೆಸರಿರುತ್ತೋ ಅವರಿಗೆ ಉಗೀತಾರೆ. ಅಳಿಸಿ ಮಾವ, ಚೆನ್ನಾಗಿ ಉಜ್ಜಿ. ನಿಮ್ಮದೊಂದೇ ಇರಲಿ."

ಮಾವ ಬೋರ್ಡನ್ನು ನೋಡಿದ. ರಸ್ತೆ ನೋಡಿದ. ಆಮೇಲೆ ಸ್ಟೂಲಿನಿಂದ ಇಳಿದು, ಬಟ್ಟೆ ಹಿಂಡಿ, ಬಾಟಲಿಯ ಮುಚ್ಚಳ ಬಿಗಿದ.

"ಒಬ್ಬನೇ ಉಗಿಸಿಕೊಳ್ಳೋಕೆ ನನಗೇನು ತಲೆ ಕೆಟ್ಟಿದೆಯಾ?" ಎಂದ, ಜಾಕಿಯ ಕಡೆ ತಿರುಗಿ. "ಅವನಿಗೆ ಹೇಳು, ಫೋನ್ ನಂಬರುಗಳ ಪುಸ್ತಕ ತರಲಿ."

ಅಳಿಯ ತುಂಡುಗಳನ್ನು ಡಬ್ಬಕ್ಕೆ ತುಂಬುತ್ತ, ತಾನೂ ಜಾಕಿಗೇ ಹೇಳಿದ: "ತರ್ತೀನಿ. ಮೊದಲು ಗೋಡೆ ಮೇಲೆ ಹನ್ನೊಂದು ಗೀಟು ಹಾಕ್ಬೇಕಂತೆ, ಅವರಿಗೆ ಹೇಳು."