ಚಟ್ನಿಪುಡಿ ಅಂಗಡಿಗೆ ಬುದ್ಧಿವಾದ

"ಪುಡಿ ಚೆನ್ನಾಗಿದೆ, ಜಾಗಾನೂ ಚೆನ್ನಾಗಿದೆ. ಆದ್ರೆ ಅಕ್ಕ, ನೀನು ಗಲ್ಲಾ ಹತ್ರ ಕೂರ್ಬಾರ್ದು," ಎಂದ ರೇವಣಸಿದ್ದಯ್ಯ.

ಪೊಟ್ಟಣ ಕಟ್ಟುತ್ತಿದ್ದ ಗಿರಿಜಾಂಬಾ ಕೈ ನಿಲ್ಲಿಸಿದಳು. ತಮ್ಮನಿಗೆ ಪೇಟೆಯಲ್ಲಿ ಎರಡು ಜವಳಿ ಅಂಗಡಿ. ವ್ಯಾಪಾರದ ವಿಚಾರದಲ್ಲಿ ಅವನ ಮಾತೆಂದರೆ ಮಾತು. ಚಾಮರಾಜಪೇಟೆಯ ಈ ಅಂಗಡಿಯಲ್ಲಿ ನೊಣ ಹೊಡೆಯುತ್ತಾ ಕೂರುವ ಹಾಗಾಗಿದೆಯೆಂದು ಅವಳ ಮಗ ಪರಮಶಿವಯ್ಯನೇ ಮಾವನನ್ನು ಕರೆತಂದಿದ್ದ. ಬೆಳಗಿನಿಂದ ಕೂತು ನೋಡಿ ಅವನು ಒಳ್ಳೆಯ ಮಾತುಗಳನ್ನೇ ಹೇಳಿದ್ದ. ಬಂದವರ ಅಂಗೈಗೆ ಚಿಟಿಕೆ ಪುಡಿ ಹಾಕಿ ಮೊದಲು ರುಚಿ ತೋರಿಸಿ, ತಕ್ಕಡಿ ಗಿರಾಕಿಯ ಕಡೆಗೇ ಸ್ವಲ್ಪ ವಾಲಲಿ, ಎರಡಾಣೆಯ ಸಣ್ಣ ಪೊಟ್ಟಣವನ್ನೂ ಇಡಿ.

"ಯಾಕೋ ಕೂರ್ಬಾರ್ದು?"

"ಕೈ ನೋಡ್ಕೋ. ತಿನ್ನೋ ಪದಾರ್ಥ ಇದು. ತೊನ್ನು ಅಂಟಲ್ಲ ಅಂತ ನಂಗೆ ಗೊತ್ತು, ನಿಂಗೆ ಗೊತ್ತು. ಗಿರಾಕಿಗೆ ಗೊತ್ತಾ? ನೀನು ಒಳಗೆ ಕುಟ್ಕೊಂಡಿರು, ಮುಂದೆ ಸೊಸೆ ಕೂತ್ಕೊಳ್ಳಲಿ."

ಗಿರಿಜಾಂಬಾ ಮಗನ ಮುಖ ನೋಡಿದಳು. ಜಗಲಿಯ ಮೇಲೆ ಡಬ್ಬ ಇಟ್ಟುಕೊಂಡು ಪುಡಿ ಮಾರಿ ಅವನನ್ನು ಓದಿಸಿದ್ದು ಈ ಬಿಳಿ ಮಚ್ಚೆಯ ಕೈಗಳೇ. ಅವನು ತಕ್ಕಡಿ ಒರೆಸತೊಡಗಿದ. ಅವಳು ಎದ್ದು ಒಳಗೆ ಹೋದಳು.

"ಬೇಜಾರು ಮಾಡ್ಕೋಬೇಡ ಕಣಕ್ಕ, ವ್ಯಾಪಾರ ಇದು," ಎಂದ ತಮ್ಮ. ಅಂಟುವುದಿಲ್ಲ ಎಂದು ಅಷ್ಟು ಚೆನ್ನಾಗಿ ಗೊತ್ತಿದ್ದವನು ಅಕ್ಕ ಎಷ್ಟು ಕರೆದರೂ ಊಟಕ್ಕೆ ಮಾತ್ರ ಕೂರಲಿಲ್ಲ.

ಬುದ್ಧಿವಾದವೇನೋ ಫಲಿಸಿತು. ಹಾಳಾದ್ದು, ಫಲಿಸದೇ ಇದ್ದಿದ್ದರೆ ಚೆನ್ನಾಗಿತ್ತು. ನಡುಬಾಗಿಲಿಗೆ ಪರದೆ ಬಿತ್ತು, ಸೊಸೆ ಸರ್ವಮಂಗಳಾ ಮುಡಿ ತುಂಬ ಹೂ ಮುಡಿದು ಗಲ್ಲಾದ ಹತ್ತಿರ ಕೂತಳು. ದೀಪಾವಳಿಯ ಹೊತ್ತಿಗೆ ಗಿರಾಕಿಗಳನ್ನು ಸುಧಾರಿಸುವುದೇ ಕಷ್ಟವಾಯಿತು. ಗಿರಿಜಾಂಬಾ ಒಳಗೆ ಮೆಣಸಿನಕಾಯಿ ಹುರಿಯುತ್ತಾ, ಕುಟ್ಟುತ್ತಾ, ತನ್ನನ್ನು ಒಬ್ಬರಾದರೂ ಕೇಳುತ್ತಾರೇನೋ ಎಂದು ಪರದೆಯ ಕಡೆಗೇ ಕಿವಿ ಇಟ್ಟಿರುತ್ತಿದ್ದಳು.

ಒಂದು ದಿನ ಕೇಳಿದರು. ಶಂಕರಪುರದ ವಕೀಲರ ಹೆಂಡತಿ ಶೈಲಜಮ್ಮ ಮಗಳ ಮದುವೆಗೆ ಐದು ಸೇರು ಪುಡಿ ಹೇಳಲು ಬಂದಿದ್ದರು. ಅಂಗೈಗೆ ಹಾಕಿದ್ದನ್ನು ಬಾಯಿಗಿಟ್ಟುಕೊಂಡು, "ಆಹಾ! ಯಾರಮ್ಮ ಮಾಡಿದ್ದು?" ಎಂದರು.

"ನಾನೇ," ಎಂದಳು ಸರ್ವಮಂಗಳಾ.

"ಎಂಥ ಕೈಗುಣ ನಿಂದು! ಮುಂಚೆ ಇಲ್ಲಿ ತೊನ್ನು ಹತ್ತಿದ ಮುದುಕಿ ಕೂತಿರ್ತಿತ್ತಲ್ಲ, ನೋಡಿ ಅಸಹ್ಯ ಆಗಿ ನಾನು ಬರೋದೇ ಬಿಟ್ಟಿದ್ದೆ. ಎಲ್ಲಿ, ಕಾಣಿಸ್ತಿಲ್ಲ?"

ಗಿರಿಜಾಂಬಾ ಎತ್ತಿದ ಒನಕೆಯನ್ನು ಹಾಗೇ ಹಿಡಿದು ನಿಂತಳು. ನಮ್ಮಮ್ಮ ಅವರು ಎಂದು ಮಗ ಹೇಳದಿದ್ದರೆ ಬೇಡ, ಊರಿಗೆ ಹೋಗಿದ್ದಾರೆ ಎಂದಾದರೂ ಹೇಳಲಿ.

"ಲಿಂಗೈಕ್ಯರಾದ್ರು," ಎಂದ ಪರಮಶಿವಯ್ಯ. ಇದನ್ನು ಮಾವ ಹೇಳಿಕೊಟ್ಟಿರಲಿಲ್ಲ. ಅಷ್ಟು ಹೊತ್ತಿಗೆ ವ್ಯಾಪಾರದಲ್ಲಿ ಅವನೇ ಪಳಗಿದ್ದ.

"ಅಯ್ಯೋ ಪಾಪ. ಯಾವಾಗ?"

"ಶ್ರಾವಣದಲ್ಲಿ."

ಶೈಲಜಮ್ಮ ಲೊಚಗುಟ್ಟಿ, ಮುಂಗಡ ಕೊಟ್ಟು, ಜಟಕಾ ಹತ್ತಿ ಹೋದರು. ಪರಮಶಿವಯ್ಯ ಪರದೆ ಸರಿಸಿ ಒಳಗೆ ಬಂದ.

"ಅಮ್ಮ, ಮದುವೆ ಮನೇದು, ಐದು ಸೇರು," ಎಂದ. ಕಣ್ಣು ಒರಳಿನ ಮೇಲಿತ್ತು. "ಉಪ್ಪು ಒಂಚೂರು ಕಮ್ಮಿ ಇರ್ಲಿ ಅಂದ್ರು."

ಅವನು ಹೊರಗೆ ಹೋದ ಮೇಲೆ ಗಿರಿಜಾಂಬಾ ಒನಕೆಯನ್ನು ಗೋಡೆಗೆ ಒರಗಿಸಿದಳು. ಆಮೇಲೆ ಕೂತು, ಅಳೆದಿಟ್ಟಿದ್ದ ಉಪ್ಪಿನಲ್ಲಿ ಅರ್ಧ ಹಿಡಿ ತೆಗೆದು ಮತ್ತೆ ಭರಣಿಗೆ ಹಾಕಿದಳು.