ಪ್ರಾಜಕ್ತಾಳ ಕೇಳವಣ

ಒಣದ್ರಾಕ್ಷಿ ಆರಿಸುವ ಹೆಂಗಸರ ಬೆರಳ ಸಂದಿಯಲ್ಲಿ ಸದಾ ಹುಣ್ಣು. ಕಾಳಿನ ಅಂಟು, ಗಂಧಕದ ಹೊಗೆಯ ಉರಿ. ತಿನ್ನುವವರಿಗೆ ಸಿಹಿಯಷ್ಟೇ ಗೊತ್ತು. ಕಾಗವಾಡದ ಹೊರಗಿನ ಆ ಶೆಡ್ಡಿನಲ್ಲಿ ಮೂವತ್ತೆರಡು ಹೆಂಗಸರು ಬೆಳಗಿನಿಂದ ಸಂಜೆಯ ತನಕ ನೆಲಕ್ಕೆ ಕೂತು ಕಡ್ಡಿ ತೆಗೆಯುತ್ತಾರೆ, ಕಪ್ಪು ಕಾಳು ಬೇರೆ, ಹಸಿರು ಕಾಳು ಬೇರೆ ಮಾಡುತ್ತಾರೆ. ಹನ್ನೆರಡು ವರ್ಷದಿಂದ ಕೂತವರೂ ಇದ್ದಾರೆ. ಮೊಣಕಾಲು ಎಲ್ಲರವೂ ಹೋಗಿವೆ, ಬಾಯಿ ಮಾತ್ರ ಒಬ್ಬರದೂ ಹೋಗಿಲ್ಲ.

ಆ ದಿನ ಮಧ್ಯಾಹ್ನ ಅವರು ಆಫೀಸಿನ ಎಚ್‌.ಆರ್‌. ಹುಡುಗಿ ಪ್ರಾಜಕ್ತಾಳನ್ನು ನಡುವೆ ಕೂರಿಸಿಕೊಂಡಿದ್ದರು. ಮದುವೆ ನಿಶ್ಚಯವಾದ ಹುಡುಗಿಯನ್ನು ಕರೆದು, ಉಣಿಸಿ, ಉಡಿ ತುಂಬುವುದಕ್ಕೆ ಈ ಕಡೆ ಕೇಳವಣ ಎನ್ನುತ್ತಾರೆ. ಅದು ಬಂಧುಬಳಗದ ಕೆಲಸ. ಆದರೆ ಪ್ರಾಜಕ್ತಾಳ ಓಣಿಯವಳೇ ಆದ, ಅವಳು ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಶೇವಂತಾ ಪಟ್ಟು ಹಿಡಿದಿದ್ದಳು.

"ಪೋರಿ ನಮ್ಮ ಶೆಡ್ಡಿನಾಕಿ. ಮೊದಲ ಕೇಳವಣ ನಮ್ಮದ."

ಒಬ್ಬಳು ಹೋಳಿಗೆ ತಂದಿದ್ದಳು, ಒಬ್ಬಳು ಶೇಂಗಾ ಚಟ್ನಿ, ಒಬ್ಬಳು ಹಸಿರು ಬಳೆ. ಪ್ರಾಜಕ್ತಾಳ ಚೀಲದಲ್ಲಿದ್ದದ್ದು ಮೂವತ್ತೆರಡು ಕಾಗದ. ಎಲ್ಲವನ್ನೂ ಅವಳೇ ಟೈಪ್ ಮಾಡಿದ್ದಳು.

ಬಣ್ಣ ನೋಡಿ ಕಾಳು ಬೇರೆ ಮಾಡುವ ಯಂತ್ರ ಬರುವುದಿತ್ತು. ಹೆಂಗಸರನ್ನು ತಾನಾಗಿ ತೆಗೆದರೆ ಮಾಲೀಕ ಕಾಯಿದೆಯಂತೆ ಪರಿಹಾರ ಕೊಡಬೇಕು. ಅವರಾಗಿಯೇ ಬಿಟ್ಟರೆ ಆ ತಾಪತ್ರಯವಿಲ್ಲ. ಅದಕ್ಕೇ ಮಾಲೀಕ ರೋಹನ ಬೆಳಿಗ್ಗೆ ಕಾರು ಹತ್ತುವಾಗ ಹೇಳಿ ಹೋಗಿದ್ದ.

"ನಾ ಸಾಂಗ್ಲಿಗೆ ಹೋಗಿ ಮೂರಕ್ಕ ಬರತೀನಿ. ಊಟ ಆದಮ್ಯಾಲ ಸಹಿ ತಗೋ. ಹೊಟ್ಟಿ ತುಂಬಿದಾಗ ಮಂದಿ ಭಾಳ ಕೇಳಂಗಿಲ್ಲ."

ಎಂಟು ತಿಂಗಳ ಹಿಂದೆ ಪ್ಯಾಕಿಂಗಿನ ಹನ್ನೊಂದು ಜನರನ್ನು ಕಳಿಸಿದಾಗಲೂ ಆತ ಸಾಂಗ್ಲಿಯಲ್ಲೇ ಇದ್ದ. ಕಾಗದ ಕೊಟ್ಟವಳು ಪ್ರಾಜಕ್ತಾ. ಆ ಹನ್ನೊಂದು ಜನರಲ್ಲಿ ಒಬ್ಬಳು ನೀಲಮ, ಬಸ್ಸಿನಲ್ಲಿ ದಿನಾ ಅವಳಿಗೆ ಜಾಗ ಹಿಡಿಯುತ್ತಿದ್ದವಳು. ಮರುವಾರ ಬೇರೆ ಕೆಲಸ ಹುಡುಕುತ್ತ ಅದೇ ಬಸ್ಸು ಹತ್ತಿದವಳು ಪಕ್ಕದ ಸೀಟಿನ ಮೇಲೆ ತನ್ನ ಚೀಲ ಇಟ್ಟಳು. "ಜಾಗಾ ಐತಿ. ನಿನಗಲ್ಲ," ಎಂದಳು. ಅಂದಿನಿಂದ ಪ್ರಾಜಕ್ತಾಳಿಗೆ ಅನ್ನ ಸೇರದು, ನಿದ್ದೆ ಬಾರದು. ಅಥಣಿಯ ಡಾಕ್ಟರು ಟೆನ್ಶನ್ ಎಂದು ಗುಳಿಗೆ ಬರೆದುಕೊಟ್ಟರು. ಕೆಲಸದಿಂದ ತೆಗೆದವನಿಗೆ ಸುಖನಿದ್ದೆ, ಕಾಗದ ಕೊಟ್ಟವಳಿಗೆ ಗುಳಿಗೆ. ನ್ಯಾಯ ಅಂದರೆ ಇದೇ ನೋಡಿ.

"ಒಡಪು ಹೇಳಲಾರದ ತುತ್ತ ಇಲ್ಲ," ಎಂದಳು ಶೇವಂತಾ. ಗಂಡಾಗುವವನ ಹೆಸರನ್ನು ಪದ ಕಟ್ಟಿ ಹೇಳಬೇಕು. ಪ್ರಾಜಕ್ತಾ ಬಾಯಿ ತೆರೆದಳು.

"ಕಾಗವಾಡದ ದ್ರಾಕ್ಷಿ, ಶೆಡ್ಡಿನ್ಯಾಗ ಆತು ಮನೂಕ..."

ಮನೂಕ ಎಂದರೆ ಒಣದ್ರಾಕ್ಷಿ; ಪದ ಅಷ್ಟಕ್ಕೇ ನಿಂತಿತು. ಅಳು ಬಂತು. ಹೆಂಗಸರು ಮುಖ ಮುಖ ನೋಡಿಕೊಂಡರು.

"ಹುಡುಗ ಕುಡೀತಾನೇನ ತಂಗಿ?" ಎಂದಳು ಮುದುಕಿ ಗಿರಿಜವ್ವ.

"ಇಲ್ಲ ಆಯಿ."

"ಅತ್ತಿ ಜೋರ ಅದಾಳೇನ?"

"ಇದ್ರ ಇರಲಿ ಬಿಡ," ಎಂದಳು ಶೇವಂತಾ. "ಹುಡುಗ ಸುರಜ ನಿಪ್ಪಾಣಿ ಡಿಪೋದಾಗ ಮೆಕ್ಯಾನಿಕ್ ಅದಾನ. ಹಳೇ ಬಸ್ ದಾರೀಗಿ ತರಾವಗ ಅವ್ವನ್ನ ದಾರೀಗಿ ತರಾಕ ಬರಂಗಿಲ್ಲೇನ?"

ಶೆಡ್ಡು ನಕ್ಕಿತು. ಅಳುತ್ತಲೇ ಪ್ರಾಜಕ್ತಾಳಿಗೂ ನಗು ಬಂತು. ಇನ್ನು ತಡೆಯಲಾರದೆ ಚೀಲದಿಂದ ಕಾಗದದ ಕಟ್ಟು ತೆಗೆದಳು.

ಗಿರಿಜವ್ವನ ಮುಖ ಅರಳಿತು. "ಪತ್ರಿಕಾ ತಂದಾಳ್ರೆವ್ವ." ಮೇಲಿನದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಲಗ್ನಪತ್ರಿಕೆಗೆ ಹಚ್ಚುವಂತೆ ಅದರ ಮೂಲೆಗೆ ಅರಿಶಿನ ಹಚ್ಚಲು ಹೋದಳು. ಪ್ರಾಜಕ್ತಾ ಆ ಕೈ ಹಿಡಿದಳು.

"ಹಚ್ಚಬ್ಯಾಡ್ರಿ ಆಯಿ. ಇದು ಲಗ್ನದ್ದಲ್ಲ. ನೀವೆಲ್ಲಾ ಕೆಲಸ ಬಿಟ್ಟೀರಿ ಅಂತ ಬರದದ್ದು."

"ನಾವು ಯಾವಾಗ ಬಿಟ್ಟೇವಿ?"

"ಬಿಟ್ಟಿಲ್ಲ. ಮಾಲಕರು ಬರಿ ಅಂದ್ರು, ನಾ ಬರದೆ. ಸಹಿ ಮಾಡಬ್ಯಾಡ್ರಿ. ತಗೀತಾರಂದ್ರ ಅವರ ತಗೀಲಿ, ಕಾಯಿದೆ ಪ್ರಕಾರ ಕೊಡೂದು ಕೊಡಲಿ."

ಶೇವಂತಾಳ ಮುಖ ಗಂಟಾಗಿತ್ತು.

"ಆ ಹನ್ನೊಂದ ಮಂದಿದೂ ನೀನ ಬರದಿದ್ದೇನ?"

"ಹೂಂ ಮಾವಶಿ."

"ಆಗ ಬಾಯಿ ಎಲ್ಲಿ ಇಟ್ಟಿದ್ದಿ?"

ಪ್ರಾಜಕ್ತಾ ತಲೆ ತಗ್ಗಿಸಿದಳು.

"ನೀಲಮನ ಮನೀಗಿ ಹೋಗಿ ಇದನ್ನ ಹೇಳಬೇಕ ನೀನು," ಎಂದಳು ಶೇವಂತಾ. "ನಾನೂ ಬರತೀನಿ. ನಿನ್ನ ನೌಕರಿ?"

"ಹೋಗತೈತಿ."

ಹಾಗೆ ಅಂದದ್ದೇ ತಡ, ತಟ್ಟೆ ಮುಂದಕ್ಕೆ ಎಳೆದುಕೊಂಡಳು. ಎಂಟು ತಿಂಗಳಲ್ಲಿ ಮೊದಲ ಸಲ ಅವಳಿಗೆ ನಿಜವಾದ ಹಸಿವಾಗಿತ್ತು. "ಒಂದು ಹೋಳಿಗಿ ನೀಡ್ರಿ," ಎಂದಳು. ಎರಡು ಬಿದ್ದವು, ಮೇಲೆ ತುಪ್ಪ.

ಮೂರಕ್ಕೆ ರೋಹನ ಬಂದ. ಗೇಟಿನಲ್ಲಿ ಮಿರಜಿಗೆ ಹೋಗುವ ಲಾರಿ ಹಾರ್ನ್ ಹೊಡೆಯುತ್ತಿತ್ತು. ಮಾಲು ಇನ್ನೂ ಅರ್ಧ ಆರಿಸುವುದಿತ್ತು. ಹೆಂಗಸರು ಕೈಕಟ್ಟಿ ಕೂತಿದ್ದರು.

"ಪ್ರಾಜಕ್ತಾ, ಸಹಿ ಆದವೇನ?"

"ಅಕಿ ಉಣ್ಣಾಕತ್ತಾಳ್ರಿ," ಎಂದು ಶೇವಂತಾ ಕಟ್ಟನ್ನು ಅವನ ಕೈಗಿಟ್ಟಳು. "ನಮಗ ಓದಾಕ ಬರಂಗಿಲ್ಲ. ನೀವ ಓದ್ರಿ. ಯಾರ ಕಾಗದ ಐತಿ ಅವರ ಮಾರಿ ನೋಡಿ ಓದ್ರಿ. ಎಲ್ಲಾ ಓದಿದಮ್ಯಾಲ ಮಾಲಿಗೆ ಕೈ ಹಚ್ಚತೀವಿ."

ರೋಹನ ಪ್ರಾಜಕ್ತಾಳನ್ನು ನೋಡಿದ. ಅವಳು ತಟ್ಟೆಯಿಂದ ಕಣ್ಣು ಎತ್ತಿ ಅವನನ್ನೇ ನೋಡಿದಳು, ಏಳಲಿಲ್ಲ. ಲಾರಿ ಮತ್ತೆ ಹಾರ್ನ್ ಹೊಡೆಯಿತು. ಅವನು ಕನ್ನಡಕ ಹಾಕಿಕೊಂಡ.

"ನಾನು ಶೇವಂತಾ ಗಂಗಾರಾಮ ಕಾಂಬಳೆ... ಯಾರ ಒತ್ತಾಯವೂ ಇಲ್ಲದೆ, ಸ್ವಂತ ಇಚ್ಛೆಯಿಂದ..."

"ನನಗ ಇಚ್ಛಾ ಇಲ್ರಿ," ಎಂದಳು ಶೇವಂತಾ. "ಮುಂದಿಂದು."

ಎರಡನೆಯದು ಗಿರಿಜವ್ವನದು. ಮಾಲೀಕ ತನ್ನ ಹೆಸರು ಪೂರ್ತಿಯಾಗಿ ಹೇಳಿದ್ದನ್ನು ಮುದುಕಿ ಅಂದೇ ಮೊದಲು ಕೇಳಿದ್ದು. "ನನಗೂ ಇಲ್ಲೋ ಯಪ್ಪಾ," ಎಂದಳು. ಮೂರನೆಯವಳೂ ಅದನ್ನೇ ಹೇಳಿದಳು. ನಾಲ್ಕನೆಯ ಕಾಗದ ಮುಗಿಯುವಷ್ಟರಲ್ಲಿ ಅವನ ದನಿ ಬಿದ್ದುಹೋಗಿತ್ತು, ಕುತ್ತಿಗೆ ಬೆವೆತಿತ್ತು.

"ಸಾಹೇಬ್ರಿಗೆ ಕುಡಿಯಾಕ ನೀರ ಕೊಡ್ರವಾ," ಎಂದಳು ಶೇವಂತಾ. "ಇನ್ನಾ ಇಪ್ಪತ್ತೆಂಟ ಅದಾವ."