ಟವೆಲ್ಲಿನ ಕೆಳಗಿನ ಓಟ

ಸಾತಪ್ಪನೂ ಗೊಮ್ಮಟೇಶನೂ ಟವೆಲ್ಲಿನ ಕೆಳಗೆ ಕೈ ಕೂಡಿಸಿ ಕೂತದ್ದನ್ನು ಮೊದಲು ಕಂಡವಳು ಪಕ್ಕದ ಮನೆಯ ಯಲ್ಲಕ್ಕ. ಶೇಂಗಾ ಸುಲಿಯುತ್ತಲೇ ನನ್ನ ಮೊಣಕಾಲಿಗೆ ತಿವಿದು, "ಸುಮನಕ್ಕಾ, ಅಲ್ಲಿ ನೋಡ. ಯಾವ ಎತ್ತು ಮಾರಾಕತ್ತಾರ ಇವ್ರು?" ಅಂದಳು.

ಅದು ಮಳೆಗಾಲದ ಮೊದಲ ಕ್ರೀಡಾಕೂಟದ ದಿನ. ನಮ್ಮ ಮನೆಯ ಟಿವಿಯಲ್ಲಿ ಗಂಡಸರ ಎಂಟುನೂರು ಮೀಟರ್ ಓಟ ನಡೆದಿತ್ತು. ನಾನು ಯಲ್ಲಕ್ಕನ ಮಾತಿಗೆ ನಕ್ಕೆ. ಆದರೆ ಆಮೇಲೆ ನನ್ನ ಕಣ್ಣು ಓಟದ ಮೇಲೆ ನಿಲ್ಲಲಿಲ್ಲ.

ಮೂಡಲಗಿಯ ದನದ ಸಂತೆಯಲ್ಲಿ ದರವನ್ನು ಬಾಯಿಂದ ಹೇಳುವುದಿಲ್ಲ. ಮಾರುವವನೂ ಕೊಳ್ಳುವವನೂ ಕೈಗಳ ಮೇಲೆ ಟವೆಲ್ ಹೊದಿಸಿಕೊಂಡು ಒಬ್ಬರ ಬೆರಳನ್ನು ಇನ್ನೊಬ್ಬರು ಒತ್ತುತ್ತಾರೆ. ಎಷ್ಟು ಬೆರಳು, ಎಲ್ಲಿ ಒತ್ತಿದರು ಎಂಬುದು ಸುತ್ತ ನಿಂತವರಿಗೆ ತಿಳಿಯಬಾರದು. ಕುಲಗೋಡದ ಸಾತಪ್ಪ ಆ ಸಂತೆಯಲ್ಲೇ ದಲಾಲಿ ಮಾಡಿ ಮುದುಕನಾದವನು. ಗೊಮ್ಮಟೇಶನ ಅರಿವೆ ಅಂಗಡಿ ಇದ್ದದ್ದು ಅದೇ ಸಂತೆಯ ಬಾಜೂಕ್ಕೆ. ಅಂಗಡಿಯನ್ನು ಮಗನಿಗೆ ಒಪ್ಪಿಸಿ ಈಗ ಘಟಪ್ರಭಾದಲ್ಲಿ ನಮ್ಮ ಓಣಿಗೇ ಬಂದಿದ್ದಾನೆ. ಅಂಥ ಇಬ್ಬರು ಟವೆಲ್ಲಿನ ಕೆಳಗೆ ಬೆರಳು ಒತ್ತುತ್ತಿದ್ದರೆ ನಮ್ಮ ಕಡೆಯ ಯಾರಿಗೇ ಆದರೂ ಬರುವ ಯೋಚನೆ ಒಂದೇ: ಒಳಗೊಳಗೆ ಏನೋ ವ್ಯವಹಾರ ನಡೆದಿದೆ.

ಕ್ರಿಕೆಟ್ ನೋಡುವವರಿಗೆ ಈ ಊರಲ್ಲಿ ಚಹಾ ಅಂಗಡಿಯಿಂದ ಹಿಡಿದು ಸ್ಟೇಶನ್ನಿನವರೆಗೆ ಜಾಗವಿದೆ. ಎಂಟುನೂರು, ಸಾವಿರದ ಐನೂರು ಮೀಟರ್ ಓಟ ನೋಡುವವರಿಗೆ ನನ್ನ ಪಡಸಾಲೆ ಮಾತ್ರ. ನಾನು ಗೋಕಾಕದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದಾಗಲೇ ಈ ಹುಚ್ಚು ಹತ್ತಿತ್ತು. ಮಗಳು ದೀಪಾ ದೊಡ್ಡ ಟಿವಿ ತಂದ ಮೇಲೆ ಒಬ್ಬೊಬ್ಬರೇ ಬಂದು ಸೇರಿಕೊಂಡರು. ಹುಕ್ಕೇರಿಯ ಹೈಸ್ಕೂಲಿನಲ್ಲಿ ಆಟದ ಮಾಸ್ತರನಾದ ಅಶೋಕ ಎಲ್ಲಿ ಯಾವ ಕೂಟವಿದೆ, ಯಾರು ಓಡುತ್ತಾರೆ ಎಂದು ಮೊದಲೇ ತಿಳಿಸುವವನು. ಸಾತಪ್ಪ ಕಾಲಿನ ಪರೀಕ್ಷಕ. "ಅಂವನ ಹಿಂಬಡ ನೋಡ್ರಿ, ನೆಲಾ ಬಡಿಯಾಕತ್ತೈತಿ. ಕಡೀ ಸುತ್ತಿಗೆ ಕುಂತಬಿಡತಾನ," ಎನ್ನುತ್ತಿದ್ದ. ಬಹಳ ಸಲ ಹಾಗೇ ಆಗುತ್ತಿತ್ತು.

ಆ ಸಾತಪ್ಪ ಈಚೆಗೆ ಕಾಲಿನ ಮಾತೇ ಎತ್ತುತ್ತಿರಲಿಲ್ಲ. ಬರುವಾಗ ಬಾಗಿಲಲ್ಲಿ ಗೊಮ್ಮಟೇಶ ಸಿಗುವವರೆಗೆ ಕಾದು, ಅವನ ಹೆಗಲ ಮೇಲೆ ಕೈ ಹಾಕಿಕೊಂಡೇ ಒಳಗೆ ಬರುವನು. ಗೋಡೆಗೆ ಹತ್ತಿದ ದಿವಾನದ ಮೇಲೆ ಇಬ್ಬರೂ ಮೈಗೆ ಮೈ ತಾಗಿಸಿ ಕೂರುವರು. ಓಟ ಶುರುವಾದೊಡನೆ ಟವೆಲ್ ಇಳಿಯುವುದು. ವಿಚಿತ್ರವೆಂದರೆ ಸಾತಪ್ಪ ಟಿವಿಯ ಕಡೆ ನೋಡುತ್ತಿರಲಿಲ್ಲ. ಮುಖ ಗೋಡೆಯ ಕ್ಯಾಲೆಂಡರಿನ ಕಡೆಗಿರುತ್ತಿತ್ತು. ಬೆರಳಿನ ಸನ್ನೆ ಬಂದಾಗ ಮಾತ್ರ ಉಸಿರು ಹಿಡಿಯುವನು, ಇಲ್ಲವೇ ತೊಡೆ ತಟ್ಟಿಕೊಳ್ಳುವನು. ನಾನು ಚಹಾ ತೆಗೆದುಕೊಂಡು ಹೋದರೆ ಕೈಗಳೆರಡೂ ಬೇರೆಯಾಗುವವು. ಬಸ್ಸಿಳಿದು ಇಷ್ಟು ದೂರ ಬಂದು ಓಟವನ್ನೇ ನೋಡದ ಮನುಷ್ಯನಿಗೆ ಇಲ್ಲಿ ಬೇಕಾದದ್ದು ಏನು?

ಹೀಗೇ ಮೂರ್ನಾಲ್ಕು ಕೂಟ ಕಳೆದವು. ಆಮೇಲಿನದು ಭಾದ್ರಪದದಲ್ಲಿ, ಜಪಾನಿನಲ್ಲಿ. ಅಲ್ಲಿಯ ರಾತ್ರಿಯ ಓಟ ನಮಗೆ ಸಂಜೆಗೇ ಸಿಗುತ್ತದೆ. ಹೆಂಗಸರ ಸಾವಿರದ ಐನೂರು ಮೀಟರ್ ಇನ್ನೂ ಶುರುವಾಗಿರಲಿಲ್ಲ. ಅಶೋಕ ನನ್ನ ಹಿಂದೆಯೇ ಅಡುಗೆಮನೆಗೆ ಬಂದು ಬಾಗಿಲು ಅರೆ ಮುಚ್ಚಿದ.

"ಅಕ್ಕಾರ, ನಿಮಗ ಕಾಣಾಕತ್ತೈತೋ ಇಲ್ಲೋ?"

"ಏನದು?"

"ಏನು ಅಂದ್ರ? ಸಟ್ಟಾ ಐತ್ರಿ ಅದು, ರೊಕ್ಕದ ಜೂಜು. ಗೊಮ್ಮಟೇಶ ಕಾಕಾ ಬೆರಳ ಒತ್ತತಾರ, ಈತ ಹೊರಗ ಹೋಗಿ ಫೋನ್ ಹಚ್ಚತಾನ. ಹೋದ ಸಲ ಓಟ ಮುಗಿದಕೂಡ್ಲೆ ಯಾರಿಗೋ 'ಮೂರನೇ ನಂಬರ್, ಮೂರನೇ ನಂಬರ್' ಅಂತ ಹೇಳಾಕತ್ತಿದ್ದ. ನಾ ಕೇಳೇನಿ."

"ಸಾತಪ್ಪ ಅಂಥಾವ ಅಲ್ಲಪ್ಪ."

"ನನ್ನ ಸಾಲ್ಯಾಗ ಚಲೋ ಓಡೋ ಹುಡುಗ ಒಬ್ಬ ಇದ್ದ. ಈ ಫೋನಿನ ಸಟ್ಟಾದಾಗ ಬಿದ್ದು ಹಾಳಾದ. ಅಂವಾನೂ ಅಂಥಾವ ಅಲ್ಲ ಅಂತಿದ್ರು ಎಲ್ಲಾರೂ. ಇವತ್ತ ನೀವ ಕೇಳ್ರಿ. ಇಲ್ಲಾಂದ್ರ ನಾ ಕೇಳತೇನಿ. ಕೇಳಿದ ಮ್ಯಾಲೆ ಆ ಮನಶ್ಯಾ ಈ ಹೊಸ್ತಿಲಾ ತುಳಿಯಾಂಗಿಲ್ಲ, ನೋಡ್ರಿ ಮತ್ತ."

"ಈ ಓಟ ಮುಗೀಲಿ. ನಾನೇ ಕೇಳ್ತೀನಿ," ಅಂದೆ. ಅಶೋಕ ಒಪ್ಪಿದ. ಹೋಗುವಾಗ ಹಾಲು ಉಕ್ಕುತ್ತಿದ್ದ ಒಲೆಯ ಉರಿಯನ್ನು ಸಣ್ಣ ಮಾಡಿ ಹೋದ. ಸಿಟ್ಟಿನಲ್ಲೂ ಅವನು ಇಂಥವನ್ನು ಮರೆಯುವುದಿಲ್ಲ.

ಪಡಸಾಲೆಗೆ ಬಂದರೆ ಜಪಾನಿನಲ್ಲಿ ಮಳೆ. ಓಟಗಾರ್ತಿಯರು ಕೊಡೆ ಹಿಡಿದು ನಿಂತಿದ್ದರು. ಅವರಲ್ಲಿ ಇಥಿಯೋಪಿಯಾದ ಒಬ್ಬ ಹುಡುಗಿ ಸಾತಪ್ಪನ ಅಚ್ಚುಮೆಚ್ಚು. ಹೆಸರು ನಾಲಿಗೆಗೆ ಹೊರಳದ್ದರಿಂದ ಅವಳನ್ನು 'ಸಣ್ಣಾಕಿ' ಎಂದೇ ಕರೆಯುತ್ತಿದ್ದ. ಎರಡು ವರ್ಷದಿಂದ ಅವಳ ಒಂದು ಓಟವನ್ನೂ ಬಿಟ್ಟವನಲ್ಲ.

ಓಟ ಶುರುವಾಗದೆ ಹೊತ್ತು ಇಳಿಯಿತು. ಗೊಮ್ಮಟೇಶ ಕಿಟಕಿಯಾಚೆ ಬೆಳಕು ನೋಡುವುದು, ಕೂರುವುದು, ಮತ್ತೆ ನೋಡುವುದು ಮಾಡುತ್ತಿದ್ದ. ಜೈನರ ದಶಲಕ್ಷಣ ಪರ್ವದ ದಿನಗಳು. ಆಗ ಅವನಿಗೆ ದಿನಕ್ಕೆ ಒಂದೇ ಊಟ. ಆವತ್ತು ಬಸದಿಯ ಕೆಲಸದಲ್ಲಿ ಅದೂ ತಡವಾಗಿತ್ತು. ಸೂರ್ಯ ಮುಳುಗುವುದರೊಳಗೆ ಉಣ್ಣದಿದ್ದರೆ ನಾಳೆಯ ಬೆಳಗಿನವರೆಗೆ ಒಂದು ಗುಟುಕು ನೀರೂ ಇಲ್ಲ.

"ಹೋಗಿ ಉಂಡ ಬಾರಪಾ," ಅಂದ ಸಾತಪ್ಪ.

"ನೀ ಒಬ್ಬಾವ..."

"ಹೋಗಂದ್ನಿ."

ಗೊಮ್ಮಟೇಶ ಅವನ ಕಿವಿಯಲ್ಲಿ ಏನೋ ಹೇಳಿ ಎದ್ದ. ಬಾಗಿಲಲ್ಲಿ ನನ್ನನ್ನೊಮ್ಮೆ ನೋಡಿ ಚಪ್ಪಲಿ ಮೆಟ್ಟಿದ. ಅಶೋಕ ನನ್ನ ಕಡೆ ಹುಬ್ಬು ಹಾರಿಸಿದ.

ಗೊಮ್ಮಟೇಶ ಇನ್ನೂ ಮನೆ ಮುಟ್ಟಿರಲಿಕ್ಕಿಲ್ಲ, ಮಳೆ ನಿಂತು ಓಟಗಾರ್ತಿಯರು ಗೆರೆಗೆ ಬಂದರು. ಸಾತಪ್ಪನ ಕೈ ಎಂದಿನಂತೆ ಟವೆಲ್ಲಿನ ಕೆಳಗಿತ್ತು. ಪಕ್ಕದಲ್ಲಿ ಯಾರೂ ಇರಲಿಲ್ಲ. ಖಾಲಿ ದಿಂಬಿನ ಮೇಲೆ ಅಂಗೈ ತೆರೆದುಕೊಂಡು ಬಿದ್ದದ್ದು ಟವೆಲ್ಲಿನ ಮೇಲಿಂದಲೂ ತಿಳಿಯುತ್ತಿತ್ತು.

ನನಗೆ ಏನನ್ನಿಸಿತೋ, ಎದ್ದು ಹೋಗಿ ಗೊಮ್ಮಟೇಶನ ಜಾಗದಲ್ಲಿ ಕೂತೆ. ಕಳ್ಳತನವನ್ನು ಕೈಯಿಂದಲೇ ಹಿಡಿಯುವ ಯೋಚನೆ ಇತ್ತೆಂದರೆ ಸುಳ್ಳಲ್ಲ. ಟವೆಲ್ಲಿನ ಕೆಳಗೆ ಕೈ ಸರಿಸಿದೆ. ಸಾತಪ್ಪನ ಒರಟು ಬೆರಳುಗಳು ನನ್ನ ಬೆರಳುಗಳನ್ನು ಮುಟ್ಟಿ, ಮಣಿಕಟ್ಟಿನ ಬಳೆಗೆ ತಾಗಿ ಒಮ್ಮೆಲೇ ನಿಂತವು.

"ಗೊಮ್ಮಟೇಶಗ ಬಳಿ ಇಲ್ಲರಿ, ಅಕ್ಕಾರ," ಎಂದ ಬಹಳ ಮೆತ್ತಗೆ.

ನನಗೆ ನಗುವೂ ಬಂತು, ನಾಚಿಕೆಯೂ ಆಯಿತು. ಆದರೂ ಕೈ ತೆಗೆಯದೆ ದನಿ ತಗ್ಗಿಸಿ ಕೇಳಿದೆ: "ಏನ ನಡಸೀಯೋ ಸಾತಪ್ಪ? ಅಶೋಕ ನಿನ್ನ ಹೊರಗ ಹಾಕಂತ ಕುಂತಾನ. ಖರೆ ಹೇಳು."

ಗುಂಡು ಹಾರಿತು. ಟಿವಿಯಲ್ಲಿ ಜನ ಕೂಗಿದರು. ಸಾತಪ್ಪ ತಡೆಯಲಾರದೆ, "ಸಣ್ಣಾಕಿ ಎಷ್ಟನೇದಾಕಿ ಅದಾಳ? ಅಷ್ಟ ಬೆರಳ ಹಿಡೀರಿ. ಬಾಯಿಲೆ ಬ್ಯಾಡ," ಅಂದ.

ಆಗಲೂ ಅವನ ಮುಖ ಕ್ಯಾಲೆಂಡರಿನ ಕಡೆಗೇ ಇತ್ತು. ನಾನು ಬಗ್ಗಿ ಅವನ ಕಣ್ಣು ನೋಡಿದೆ. ಅವು ಕ್ಯಾಲೆಂಡರನ್ನೂ ನೋಡುತ್ತಿರಲಿಲ್ಲ.

"ಎಂದಿನಿಂದ?" ಅಂದೆ.

"ಬ್ಯಾಸಗಿಯಿಂದ. ನಡುವ ಏನೂ ಕಾಣಾಂಗಿಲ್ಲರಿ, ಹೊಗಿ ತುಂಬಿಧಂಗ. ಬದಿಗಿ ಒಂಚೂರು ಕಾಣತೈತಿ, ಅದಕ್ಕ ಮಾರಿ ಹೊರಳಿಸಿ ಕುಂದರತೇನಿ. ಹೋದ ದೃಷ್ಟಿ ಇನ್ನ ತಿರುಗಿ ಬರಾಂಗಿಲ್ಲ ಅಂದ ಡಾಕ್ಟರ್. ಗೊಮ್ಮಟೇಶಗ ಅಷ್ಟ ಗೊತ್ತು. ನನ್ನ ಮಗ ಶುಭಮ್‌ಗ ತಿಳೀತಂದ್ರ ಬಸ್ ಹತ್ತಾಕ ಬಿಡಾಂಗಿಲ್ಲ. ಮನ್ಯಾಗ ಕುಂದರಸ್ತಾನ. ಅಲ್ಲಿ ಯಾರಿಗೆ ಬೇಕರಿ ಸಾವಿರದ ಐನೂರು ಮೀಟರ?"

"ಮತ್ತ ಆ ಫೋನು? ಮೂರನೇ ನಂಬರ್?"

"ಮೊಮ್ಮಗಳಿಗಿ. ಸಣ್ಣಾಕಿ ಗೆದ್ಲೋ ಸೋತ್ಲೋ ಅಂತ ದಾರಿ ಕಾಯತಿರತಾಳ. ಎಷ್ಟನೇದಾಕ್ರಿ?"

ನಾನು ಅವನ ಐದು ಬೆರಳನ್ನೂ ಒಟ್ಟಿಗೆ ಹಿಡಿದೆ. ಐದನೆಯವಳು. ಅವನ ಉಸಿರು ಸಡಿಲಾಯಿತು. ಎರಡನೆಯ ಸುತ್ತಿನಲ್ಲಿ ಒಂದು ಬೆರಳು ಬಿಟ್ಟೆ. ಅವನ ಹೆಬ್ಬೆರಳು ನನ್ನ ಮಣಿಕಟ್ಟಿಗೆ ಬಡಿದುಕೊಳ್ಳುತ್ತಿತ್ತು. ಇಡೀ ಓಟ ಆ ಬಿಸಿ ಕತ್ತಲೆಯೊಳಗೇ ನಡೆದಂತಿತ್ತು.

"ಏ, ಸುಮನಕ್ಕ!" ಯಲ್ಲಕ್ಕನ ದನಿ. "ನೀನೂ ವ್ಯಾಪಾರಕ್ಕ ಕುಂತೇನ?"

ಅಶೋಕ ತಿರುಗಿ ನೋಡಿದ. ಅವನ ಮುಖ ಕೆಂಪಾಯಿತು. "ಅಕ್ಕಾರ, ನೀವೂನಾ?"

ಹೇಳಿಬಿಡುವುದು ಸುಲಭವಿತ್ತು. ಟವೆಲ್ಲಿನ ಕೆಳಗೆ ಸಾತಪ್ಪನ ಕೈ ಕಲ್ಲಾಗಿತ್ತು. ಹೇಳಿದರೆ ಸಟ್ಟಾದ ಅಪವಾದ ಹೋಗುತ್ತದೆ. ಆದರೆ ಮಾತು ನಾಳೆಯ ಬಸ್ಸಿಗೇ ಕುಲಗೋಡ ಮುಟ್ಟುತ್ತದೆ. ಯಲ್ಲಕ್ಕನ ತಂಗಿಯನ್ನು ಕೊಟ್ಟದ್ದೂ ಅದೇ ಊರಿಗೆ.

"ಹೌದಪ್ಪ, ನಾನೂ," ಅಂದೆ. "ಓಟ ಮುಗೀಲಿ ಅಂದಿದ್ನಲ್ಲ. ಕೂತ್ಕೋ."

"ಕುಂದರಾಂಗಿಲ್ರಿ. ಇಂಥಾ ಮನ್ಯಾಗ ಕುಂತು ನಾ ಓಟ ನೋಡಾಂಗಿಲ್ಲ." ಅಶೋಕ ರಿಮೋಟು ಎತ್ತಿಕೊಂಡು ಬಂದು ನಮ್ಮೆದುರು, ಟಿವಿಗೆ ಅಡ್ಡವಾಗಿ ನಿಂತ. "ಸಾತಪ್ಪ ಕಾಕಾ, ನಿನಗ ಓಟ ಬೇಕೋ ರೊಕ್ಕ ಬೇಕೋ? ತಗೋ. ಓಟ ಬ್ಯಾಡಾಗಿದ್ರ ನಿನ್ನ ಕೈಲೇ ಬಂದ್ ಮಾಡು."

"ಅತ್ತ ಸರಿಯೋ ಮಾರಾಯಾ, ಕಡೀ ಸುತ್ತು ಬಂತು!" ಯಲ್ಲಕ್ಕ ಕೂಗಿದಳು.

ಸಾತಪ್ಪ ಟವೆಲ್ಲಿನಿಂದ ಕೈ ಹೊರತೆಗೆದು ಮುಂದೆ ಚಾಚಿದ. ರಿಮೋಟು ಅವನ ಎದುರಿಗೇ ಇತ್ತು. ಕೈ ಅದರ ಪಕ್ಕದಿಂದ ಹೋಗಿ ಗಾಳಿಯನ್ನು ಹಿಡಿಯಿತು. ಇನ್ನೊಮ್ಮೆ ಚಾಚಿದ. ಈ ಸಲ ಕೆಳಗೆ ತಡವಿದ. ನಾನು ಅಶೋಕನನ್ನೇ ನೋಡುತ್ತಿದ್ದೆ. ಅವನ ಬಾಯಿ ತೆರೆದು ಹಾಗೇ ನಿಂತಿತು. ಮಕ್ಕಳು ಮೈದಾನದಲ್ಲಿ ಎಡವುವ ಮೊದಲೇ ಗುರುತಿಸುವ ಕಣ್ಣು ಅವನದು.

ಅವನು ರಿಮೋಟನ್ನು ಕೊಡಲಿಲ್ಲ. ಪಕ್ಕಕ್ಕೆ ಸರಿದು ಟಿವಿಯ ದನಿಯನ್ನು ಪೂರ್ತಿ ಇಳಿಸಿದ.

"ಅಲ್ಲೋ, ಈಗ ಸಪ್ಪಳಾ ಯಾಕ ಬಂದ್ ಮಾಡಿದಿ?" ಅಂದಳು ಯಲ್ಲಕ್ಕ.

"ಅವ್ರ ಇಂಗ್ಲೀಷ ಯಾರಿಗಿ ತಿಳೀತೈತಿಬೇ? ನಾ ಹೇಳತೇನಿ, ಕೇಳ್ರಿ ಎಲ್ಲಾರೂ." ಗಂಟಲು ಸರಿಮಾಡಿಕೊಂಡು ಶಾಲೆಯ ಮೈದಾನಕ್ಕೆ ಕೇಳುವಷ್ಟು ಜೋರಾಗಿ ಶುರುಮಾಡಿದ. "ಗಂಟಿ ಬಾರಸಿದ್ರು, ಕಡೀ ಸುತ್ತು! ಮುಂದ ಕೀನ್ಯಾದಾಕಿ, ನೀಲಿ ಅಂಗಿ. ಆಕಿ ಬೆನ್ನಿಗಿ ಇಂಗ್ಲೆಂಡಿನಾಕಿ. ಸಣ್ಣಾಕಿ ನಾಕನೇದಾಕಿ... ಹೊರಗಿನಿಂದ ಬರಾಕತ್ತಾಳ... ಬಂದ್ಲು, ಬಂದ್ಲು!"

"ಹೆಜ್ಜಿ ಹೆಂಗ ಐತಿ?" ಸಾತಪ್ಪ ಕೇಳಿದ.

"ಉದ್ದ ಐತಿ ಕಾಕಾ. ಭುಜ ಅಲಗಾಡವಲ್ವು."

"ಹಂಗಾದ್ರ ಇನ್ನೂ ದಮ್ ಐತಿ ಆಕೀಗಿ."

ಕೊನೆಯ ತಿರುವಿನಲ್ಲಿ ಅಶೋಕನ ಮಾತು ಓಟಕ್ಕಿಂತ ಹಿಂದೆ ಬಿತ್ತು. ಬಣ್ಣಗಳನ್ನು ಅದಲು ಬದಲು ಮಾಡಿದ, ಇಂಗ್ಲೆಂಡಿನವಳನ್ನು ಕೀನ್ಯಾಕ್ಕೆ ಕಳಿಸಿದ. ನಾಲ್ಕು ಜನ ಒಟ್ಟಿಗೇ ಗೆರೆ ದಾಟಿದರು.

"ಎರಡನೇದಾಕಿ! ಇಲ್ಲ, ಮೂರನೇದಾಕಿ!" ಎಂದು ಅಶೋಕ ಏದುಸಿರು ಬಿಟ್ಟ.

"ಯಾವುದರೆ ಒಂದ ಹೇಳೋ ಮಾಸ್ತರ," ಅಂದ ಸಾತಪ್ಪ. "ಗೆರಿ ಮ್ಯಾಲೆ ಎದಿ ಮುಂದ ಮಾಡಿದ್ಲೋ ಇಲ್ಲೋ?"

"ಅದನ್ನ ನೋಡಲಿಲ್ಲ ಕಾಕಾ."

"ಅದನ್ನ ನೋಡಬೇಕಪಾ! ಉಳಿದದ್ದೆಲ್ಲಾ ನೋಡಿ ಏನ ಮಾಡ್ದಿ?"

ಯಲ್ಲಕ್ಕ ಶೇಂಗಾ ಬುಟ್ಟಿ ಬದಿಗಿಟ್ಟಳು. "ಅಲ್ಲೋ ಅಶೋಕಾ, ರೊಕ್ಕ ರೊಕ್ಕ ಅಂತಿದ್ದೆಲ್ಲ, ಆ ಮಾತ ಏನಾತು?"

"ನಂದ ತಪ್ಪಾಗಿತ್ತು. ಮುಗೀತು," ಎಂದ ಅಶೋಕ, ಅವಳ ಕಡೆ ನೋಡದೆ. ಯಲ್ಲಕ್ಕ ಒಮ್ಮೆ ಅವನನ್ನೂ ಒಮ್ಮೆ ನನ್ನನ್ನೂ ನೋಡಿದಳು. ಅವಳ ಸಂಶಯ ಇನ್ನೂ ಹೋಗಿರಲಿಲ್ಲ. ಹೋಗುವುದೂ ಬೇಡವೆನ್ನಿಸಿತು ನನಗೆ.

"ಮತ್ತ ತೋರಸ್ತಾರ, ತಡೀರಿ," ಎಂದ ಅಶೋಕ. ತನ್ನ ಕುರ್ಚಿಯನ್ನು ತಂದು ದಿವಾನದ ಪಕ್ಕಕ್ಕೆ, ಸಾತಪ್ಪನ ಕಿವಿಯ ಹತ್ತಿರಕ್ಕೆ ಹಾಕಿಕೊಂಡ. "ಈ ಸಲ ಸಾವಕಾಶ ಹೇಳತೇನಿ, ಕಾಕಾ. ಮುಂದಿನ ಕೂಟ ಶನಿವಾರ ಐತಿ. ಅವತ್ತ ತಪ್ಪಾಂಗಿಲ್ಲ."

"ಶನಿವಾರದ್ದು ಶನಿವಾರ. ಈಗ ಆಕಿ ಎದಿ ನೋಡು, ಗೆರಿ ನೋಡು."

ಟಿವಿಯಲ್ಲಿ ಸಣ್ಣಾಕಿ ನಿಧಾನವಾಗಿ, ಬಹಳ ನಿಧಾನವಾಗಿ, ತಿರುವು ಮುಗಿಸಿ ಬರುತ್ತಿದ್ದಳು.